ಉಡುಪಿ ಸೀಮೆಯ ಹಳೆಯ ಜೈನ ನೆಲೆಗಳು

ಇಂದಿನ ಉಡುಪಿ ಜಿಲ್ಲೆಗೆ ಸೇರಿದ ಬಾರಕೂರು, ಕಾಪು, ಕಾರ್ಕಳ, ಹಿರಿಯಂಗಡಿ, ಕೆರ್ವಾಶೆ, ವರಂಗ, ನಲ್ಲೂರು, ಸೂರಾಲು ಮೊದಲಾದ ಊರುಗಳಲ್ಲಿ ಮಧ್ಯಯುಗದಲ್ಲಿ ಬೇರು ಬಿಟ್ಟಿದ್ದ ಜೈನ ಸಮುದಾಯದ ನೆಲೆಗಳು. ಅರಸರು, ಹೆಗ್ಗಡೆಗಳು, ಸೆಟ್ಟಿಗಳು, ಬಸದಿಯ ಪೂಜೆಯ ಇಂದ್ರರು, ಮಠದ ಭಟ್ಟಾರಕರು ಹೀಗೆ ಒಂದು ಸಮಾಜಕ್ಕೆ ಬೇಕಾದ ಎಲ್ಲರೂ ಈ ಊರುಗಳಲ್ಲಿ ಇದ್ದರು. ಈಗ ಜಿಲ್ಲೆಯ ಜನಸಂಖ್ಯೆಯಲ್ಲಿ ಜೈನರ ಪಾಲು ನೂರಕ್ಕೆ ಒಂದಕ್ಕಿಂತಲೂ ಕಡಿಮೆ. ಕಾರ್ಕಳದಲ್ಲಿ ಮಠ, ಪೂಜೆ, ಉತ್ಸವ ಎಲ್ಲವೂ ನಡೆದುಕೊಂಡು ಬಂದಿವೆ. ಬಾರಕೂರಿನಲ್ಲಿ ಕಲ್ಲು ಮಾತ್ರ ಉಳಿದಿದೆ. ಈ ಎರಡು ತುದಿಗಳ ನಡುವೆ ಬೇರೆ ಬೇರೆ ಸ್ಥಿತಿಯಲ್ಲಿರುವ ಊರುಗಳ ಚರಿತ್ರೆ ಮತ್ತು ಭೂಗೋಳ ಈ ಲೇಖನದ ವಿಷಯ.

ನೆಲದ ರೂಪ

ಪೂರ್ವಕ್ಕೆ ಪಶ್ಚಿಮ ಘಟ್ಟ, ಪಶ್ಚಿಮಕ್ಕೆ ಅರಬ್ಬೀ ಸಮುದ್ರ. ನಡುವೆ ಮುರಕಲ್ಲಿನ ಪದವುಗಳು, ಅವುಗಳ ಬುಡದಲ್ಲಿ ಬತ್ತದ ಬಯಲು, ಕಂಗು ತೆಂಗಿನ ತೋಟ. ಸೀತಾ, ಸ್ವರ್ಣಾ ನದಿಗಳು ಘಟ್ಟದಿಂದ ಇಳಿದು ಹಂಗಾರಕಟ್ಟೆಯ ಅಳಿವೆಯಲ್ಲಿ ಸಮುದ್ರ ಸೇರುತ್ತವೆ. ಶಾಂಭವಿ ದಕ್ಷಿಣಕ್ಕೆ ಮೂಲ್ಕಿಯ ಕಡೆ ಹರಿಯುತ್ತದೆ. ಘಟ್ಟದ ಮೇಲಿನಿಂದ ಕರಾವಳಿಗೆ ಇಳಿಯುವ ದಾರಿಗಳು ಈ ನದಿಗಳ ಕಣಿವೆಯನ್ನೇ ಹಿಡಿದಿದ್ದವು. ಜೈನ ನೆಲೆಗಳು ಈ ದಾರಿಗಳ ಮೇಲೆ ಕೂತಿದ್ದವು: ಘಟ್ಟದ ಬುಡದಲ್ಲಿ ವರಂಗ ಮತ್ತು ಕೆರ್ವಾಶೆ, ನಡುವೆ ಕಾರ್ಕಳ ಮತ್ತು ಹಿರಿಯಂಗಡಿ, ಕಡಲ ಬದಿಯಲ್ಲಿ ಕಾಪು, ಹೊಳೆಯ ದಡದಲ್ಲಿ ಬಾರಕೂರು. ಮೇಲೆ ಹೊಂಬುಜ ಮತ್ತು ಕಳಸ, ಕೆಳಗೆ ಬಂದರು. ಕೆಳಗಿನಿಂದ ಅಕ್ಕಿ, ಉಪ್ಪು, ತೆಂಗು ಮೇಲಕ್ಕೆ, ಮೇಲಿನಿಂದ ಮೆಣಸು ಕೆಳಕ್ಕೆ ಸಾಗುತ್ತಿತ್ತು. ಬಸದಿಗಳಿಗೆ ಎಣ್ಣೆ, ಅಕ್ಕಿ ಬಂದದ್ದೂ ಇದೇ ವ್ಯಾಪಾರದಿಂದ ಮತ್ತು ಇದೇ ಬಯಲುಗಳ ಗೇಣಿಯಿಂದ.

ಜಿಲ್ಲೆಯ ಗಡಿ ಈ ಇತಿಹಾಸಕ್ಕೆ ಹೊಂದುವುದಿಲ್ಲ ಎಂಬುದನ್ನೂ ಗಮನಿಸಬೇಕು. 1997ರಲ್ಲಿ ದಕ್ಷಿಣ ಕನ್ನಡದಿಂದ ಉಡುಪಿ ಜಿಲ್ಲೆ ಬೇರೆಯಾದಾಗ, ಅಲ್ಲಿಯವರೆಗೆ ಕಾರ್ಕಳ ತಾಲೂಕಿನಲ್ಲಿದ್ದ ಮೂಡುಬಿದಿರೆ ದಕ್ಷಿಣ ಕನ್ನಡದಲ್ಲೇ ಉಳಿಯಿತು. ಸಾವಿರ ಕಂಬದ ಬಸದಿ, ಧವಲಾ ಎಂಬ ಜೈನ ಗ್ರಂಥಗಳ ತಾಡವೋಲೆಗಳು, ಚೌಟ ಅರಸರ ಅರಮನೆ ಇವೆಲ್ಲ ಈಗ ಗಡಿಯ ಆಚೆ. ವೇಣೂರಿನ ಅಜಿಲ ಅರಸರ ನೆಲೆಯೂ ಹಾಗೆಯೇ. ಕಾರ್ಕಳದ ಜೈನರ ಪಾಲಿಗೆ ಇವೆಲ್ಲ ನೆಂಟರ ಊರುಗಳು, ಒಂದು ಗಳಿಗೆಯ ದಾರಿ. ಉತ್ತರದಲ್ಲಿಯೂ ಹಾಡುವಳ್ಳಿ, ಭಟ್ಕಳ, ಗೇರುಸೊಪ್ಪೆಯ ಜೈನ ಅರಸುಮನೆಗಳನ್ನು ಬಿಟ್ಟು ಬಾರಕೂರಿನ ಚರಿತ್ರೆ ಹೇಳಲು ಬರುವುದಿಲ್ಲ.

ಆಳುಪರ ಕಾಲ

ಈ ಸೀಮೆಯನ್ನು ಬಹುಕಾಲ ಆಳಿದವರು ಆಳುಪರು. ಉಡುಪಿಯ ದಕ್ಷಿಣಕ್ಕಿರುವ ಉದ್ಯಾವರ ಅವರ ಹಳೆಯ ರಾಜಧಾನಿಗಳಲ್ಲಿ ಒಂದು. ಚಿತ್ರವಾಹನ, ರಣಸಾಗರ, ಪೃಥ್ವೀಸಾಗರರ ನಡುವೆ ನಡೆದ ದಾಯಾದಿ ಕಾಳಗದ ನೆನಪು ಅಲ್ಲಿನ ಹಳಗನ್ನಡ ವೀರಗಲ್ಲುಗಳಲ್ಲಿದೆ. ಮುಂದೆ ರಾಜಧಾನಿ ಬಾರಕೂರಿಗೆ ಬಂತು. ಆಳುಪರು ಪ್ರಧಾನವಾಗಿ ಶೈವರು; ಆದರೂ ಜೈನ ಮುನಿಗಳಿಗೂ ಬಸದಿಗಳಿಗೂ ದತ್ತಿ ಬಿಟ್ಟರು. ಇದು ದೊಡ್ಡ ಮಾತು. ಏಕೆಂದರೆ ಈ ಕರಾವಳಿಯಲ್ಲಿ ಜೈನಧರ್ಮ ಮೊದಲು ಬೆಳೆದದ್ದು ಜೈನ ಅರಸರ ಕೈಕೆಳಗಲ್ಲ. ಅನ್ಯಮತದ ಅರಸರ ಆಸರೆಯಲ್ಲಿ, ವ್ಯಾಪಾರಿಗಳ ಹಣದಲ್ಲಿ. ಘಟ್ಟದ ಮೇಲೆ ಹೊಂಬುಜದ ಸಾಂತರರು ಜೈನರಾಗಿದ್ದರು. ಅವರ ಕವಲು ಕಳಸಕ್ಕೆ ಬಂದು, ಅಲ್ಲಿಂದ ಘಟ್ಟ ಇಳಿದ ಮೇಲೆ ಕರಾವಳಿಗೆ ಜೈನ ಅರಸೊತ್ತಿಗೆ ಬಂತು.

ಬಾರಕೂರು

ಬಾರಕೂರು ಈಗ ಬ್ರಹ್ಮಾವರ ತಾಲೂಕಿನ ಹಳ್ಳಿ. ಆಳುಪರ ರಾಜಧಾನಿಯಾಗಿ, ವಿಜಯನಗರದ ಕಾಲದಲ್ಲಿ ಬಾರಕೂರು ರಾಜ್ಯವೆಂಬ ಆಡಳಿತ ಭಾಗದ ಕೇಂದ್ರವಾಗಿ ಅದು ಮಹಾನಗರವಾಗಿತ್ತು. ಹದಿನಾಲ್ಕನೆಯ ಶತಮಾನದಲ್ಲಿ ಈ ಕರಾವಳಿಯಲ್ಲಿ ಸಾಗಿದ ಇಬ್ನ್ ಬತೂತ ಇದನ್ನು ಫಾಕನೂರ್ ಎಂದು ಕರೆದು, ಕಡಲ ಹಿನ್ನೀರಿನ ದಡದ ದೊಡ್ಡ ಪಟ್ಟಣವೆಂದೂ ಇಲ್ಲಿನ ಕಬ್ಬು ಬಹಳ ಒಳ್ಳೆಯದೆಂದೂ ಬರೆದ. ಹೊಯ್ಸಳ ಮೂರನೆಯ ಬಲ್ಲಾಳನ ರಾಣಿ ಚಿಕ್ಕಾಯಿತಾಯಿ ಆಳುಪ ಮನೆತನದವಳು. ಬಾರಕೂರಿನಲ್ಲಿ ಅವಳ ಅಧಿಕಾರ ನಡೆದದ್ದಕ್ಕೆ ಶಾಸನಗಳಿವೆ.

ಊರು ಕೇರಿಗಳಾಗಿ ಹಂಚಿಹೋಗಿತ್ತು. ಮಣಿಗಾರಕೇರಿ, ಮೂಡುಕೇರಿ, ಚೌಳಿಕೇರಿ, ಕೋಟೆಕೇರಿ, ಮೂರುಕೇರಿ, ಹೊಸಕೇರಿ ಎಂಬ ಹೆಸರುಗಳು ಇಂದಿಗೂ ಜನರ ಬಾಯಲ್ಲಿವೆ. ಕೇರಿಗೊಂದು ಆಡಳಿತ; ಅದನ್ನು ನಡೆಸಿದವರು ಶಾಸನಗಳಲ್ಲಿ ಹಲರು, ಸೆಟ್ಟಿಕಾರರು, ನಖರ ಎಂದು ಕಾಣಿಸಿಕೊಳ್ಳುತ್ತಾರೆ. ಹಂಜಮಾನ ಎಂಬ ಹೊರನಾಡ ವರ್ತಕರ ಕೂಟವೂ ಇತ್ತು. ಅರಸು ಬದಲಾದರೂ ಕೇರಿಯ ಹಲರು ಬದಲಾಗುತ್ತಿರಲಿಲ್ಲ. ದೇವಾಲಯಕ್ಕೆ ಭೂಮಿ ಬಿಟ್ಟಾಗ ಅದನ್ನು ನೋಡಿಕೊಳ್ಳುವ ಹೊಣೆ ಅರಸನಿಗಲ್ಲ, ಈ ಹಲರಿಗೆ. ಜೈನ ಸೆಟ್ಟಿಗಳು ಈ ವ್ಯವಸ್ಥೆಯ ಒಳಗಿದ್ದವರು. ಆದ್ದರಿಂದ ವ್ಯಾಪಾರ ಕುಸಿದಾಗ ಬಸದಿಯ ಕಾವಲೂ ಕುಸಿಯಿತು.

ಕತ್ತಲೆ ಬಸದಿ ಇಂದು ಬಾರಕೂರಿನಲ್ಲಿ ಉಳಿದಿರುವ ಪ್ರಧಾನ ಜೈನ ಕುರುಹು. ಬಿಸಿಲಿನಿಂದ ಒಳಗೆ ಕಾಲಿಟ್ಟವರಿಗೆ ಕಣ್ಣು ಹೊಂದಿಕೊಳ್ಳಲು ಹೊತ್ತು ಹಿಡಿಯುತ್ತದೆ. ಆಮೇಲೆ ಕಂಬಗಳು ಒಂದೊಂದಾಗಿ ಕಾಣುತ್ತವೆ, ಅವುಗಳ ಮೈಮೇಲಿನ ಕೆತ್ತನೆ ಬೆರಳಿಗೆ ಸಿಗುವಷ್ಟು ಹರಿತವಾಗಿದೆ. ಗರ್ಭಗೃಹದಲ್ಲಿ ಮೂರ್ತಿ ಇಲ್ಲ, ಪೀಠ ಇದೆ. ಸುತ್ತಲಿನ ಮನೆಗಳಲ್ಲಿ ದೀಪ ಇಡಬೇಕಾದ ಶ್ರಾವಕರಿಲ್ಲ. ಬಾರಕೂರಿನ ಇತರ ದೇವಾಲಯಗಳು ಇಂದಿಗೂ ಪೂಜೆಗೊಳ್ಳುತ್ತಿವೆ. ಕಲ್ಲುಕಟ್ಟಡದ ಗಟ್ಟಿತನದಲ್ಲಿ ಬಸದಿಗೂ ಅವಕ್ಕೂ ವ್ಯತ್ಯಾಸವಿಲ್ಲ. ನಡೆಸಿಕೊಂಡು ಬರುವ ಜನರಲ್ಲಿ ಮಾತ್ರ ವ್ಯತ್ಯಾಸ.

ಬಾರಕೂರಿನ ಜೈನರು ಹೇಗೆ ಇಲ್ಲವಾದರು ಎಂಬುದಕ್ಕೆ 1894ರಲ್ಲಿ ಪ್ರಕಟವಾದ ಸ್ಟರಕ್‌ನ ದಕ್ಷಿಣ ಕೆನರಾ ಕೈಪಿಡಿ ಒಂದು ಉತ್ತರ ಕೊಡುತ್ತದೆ: ಹದಿನೇಳನೆಯ ಶತಮಾನದ ಆರಂಭದಲ್ಲಿ ಇಕ್ಕೇರಿಯ (ಕೆಳದಿ ಮನೆತನದ) ವೆಂಕಟಪ್ಪ ನಾಯಕ ಗೇರುಸೊಪ್ಪೆಯ ರಾಣಿಯನ್ನು ಸೋಲಿಸಿದ ದಂಡಯಾತ್ರೆಯಲ್ಲೇ ಬಾರಕೂರಿನ ಜೈನರೂ ಹೆಚ್ಚುಕಡಿಮೆ ನಿರ್ಮೂಲವಾದರು ಎಂದು. ಈ ಮಾತನ್ನು ಆಮೇಲಿನವರು ಹಾಗೆಯೇ ಎತ್ತಿ ಬರೆದರು. ಆ ಕಾಳಗ ನಡೆದದ್ದು ನಿಜ. ಮೆಣಸಿನ ರಾಣಿಯೆಂದು ಪೋರ್ಚುಗೀಸರು ಕರೆದ ಚೆನ್ನಭೈರಾದೇವಿಯ ಆಳ್ವಿಕೆ ಅದರಿಂದ ಮುಗಿದದ್ದೂ ನಿಜ. ಆದರೆ ಒಂದು ಯುದ್ಧದಿಂದಲೇ ಬಾರಕೂರನ್ನು ವಿವರಿಸುವುದು ಸಾಲದು. ಆ ಹೊತ್ತಿಗಾಗಲೇ ಕಡಲ ವ್ಯಾಪಾರ ಪೋರ್ಚುಗೀಸರ ಹಿಡಿತಕ್ಕೆ ಬಂದಿತ್ತು. ಅವರೊಡನೆ ಅಕ್ಕಿಯ ವ್ಯವಹಾರ ಮಾಡಿದ ಬಸರೂರು ಮೇಲೆ ಬಂದಿತ್ತು. ಗೋವೆಯಿಂದ ಬಂದ ಸಾರಸ್ವತ ವರ್ತಕರು ಕರಾವಳಿಯ ಪೇಟೆಗಳಲ್ಲಿ ನೆಲೆಯೂರಿದ್ದರು. ಸೆಟ್ಟಿಗಳ ಕೈಯಿಂದ ವ್ಯಾಪಾರ ಜಾರಿದ್ದು ಕತ್ತಿಗಿಂತ ಮೊದಲಿನ ಮಾತು. 1801ರಲ್ಲಿ ಈಸ್ಟ್ ಇಂಡಿಯಾ ಕಂಪನಿಗಾಗಿ ಈ ದಾರಿಯಲ್ಲಿ ಸಾಗಿದ ಫ್ರಾನ್ಸಿಸ್ ಬುಕಾನನ್ ಕಂಡದ್ದು ಹಾಳುಬಿದ್ದ ನಗರವನ್ನು.

ಕಾಪುವಿನ ತಾಮ್ರಪಟ

ಉಡುಪಿಯಿಂದ ಮಂಗಳೂರಿನ ಹೆದ್ದಾರಿಯಲ್ಲಿರುವ ಕಾಪು ಈಗ ದೀಪಸ್ತಂಭಕ್ಕೂ ಮಾರಿಗುಡಿಗಳಿಗೂ ಹೆಸರಾದ ಊರು. ಬಂಡೆಯ ಮೇಲಿನ ಆ ದೀಪಸ್ತಂಭ 1901ರದ್ದು. ಅದಕ್ಕಿಂತ ಮೂರೂವರೆ ಶತಮಾನ ಹಿಂದಿನ ಒಂದು ತಾಮ್ರಪಟ ಕಾಪುವಿನ ಜೈನ ಚರಿತ್ರೆಯ ಕೀಲಿಕೈ.

1556ರ ಈ ಪಟ ವಿಜಯನಗರದ ಸದಾಶಿವರಾಯನ ಕಾಲದ್ದು. ಬಾರಕೂರು, ಮಂಗಳೂರು ರಾಜ್ಯಗಳ ಮೇಲೆ ಆಗ ಕೆಳದಿಯ ಸದಾಶಿವ ನಾಯಕನ ಅಧಿಕಾರ. ಕಾಪುವಿನ ಒಡೆಯ ಮದ್ದ ಹೆಗ್ಗಡೆ ತನ್ನೂರಿನ ಧರ್ಮನಾಥ ಬಸದಿಗೆ ಹತ್ತಿರದ ಮಲ್ಲಾರಿನಲ್ಲಿ ಭೂಮಿ ಬಿಡುತ್ತಾನೆ. ದತ್ತಿಯ ಹಿಂದಿರುವ ಗುರು ದೇವಚಂದ್ರ. ಇಷ್ಟಾದರೆ ಇದು ನೂರಾರು ದತ್ತಿಗಳಲ್ಲಿ ಒಂದು. ಕೊನೆಯ ಶಾಪವಾಕ್ಯ ಮಾತ್ರ ಬೇರೆ ಎಲ್ಲಕ್ಕಿಂತ ಬೇರೆ. ಈ ಧರ್ಮವನ್ನು ಕೆಡಿಸಿದವನು ಜೈನನಾಗಿದ್ದರೆ ಬೆಳ್ಗೊಳದ ಗುಮ್ಮಟನಾಥ, ಕೊಪಣದ ಚಂದ್ರನಾಥ, ಊರ್ಜಯಂತಗಿರಿಯ ನೇಮಿನಾಥರ ಬಿಂಬಗಳನ್ನು ಒಡೆದ ಪಾಪ. ಶೈವನಾಗಿದ್ದರೆ ಶ್ರೀಪರ್ವತ, ಗೋಕರ್ಣ ಮೊದಲಾದ ಕಡೆಯ ಲಿಂಗಗಳನ್ನು ಒಡೆದ ಪಾಪ. ವೈಷ್ಣವನಾಗಿದ್ದರೆ ತಿರುಮಲೆಯೇ ಮೊದಲಾದ ಕ್ಷೇತ್ರಗಳ ಮೂರ್ತಿಗಳನ್ನು ಒಡೆದ ಪಾಪ.

ಇದನ್ನು ಬರೆಸಿದವರು ತಮ್ಮ ಸುತ್ತಲಿನ ಸಮಾಜವನ್ನು ಚೆನ್ನಾಗಿ ಬಲ್ಲವರು. ಬಸದಿಯ ಭೂಮಿ ಉಳಿಯಬೇಕಾದರೆ ಜೈನರಿಗಷ್ಟೇ ಹೆದರಿಕೆ ಹಾಕಿ ಪ್ರಯೋಜನವಿಲ್ಲ. ಗದ್ದೆಯ ಅಂಚಿನಲ್ಲಿ ಶೈವರೂ ವೈಷ್ಣವರೂ ಇದ್ದಾರೆ. ಅವರವರ ದೇವರ ಮೇಲೆ ಆಣೆ ಇಡಬೇಕು. ವಿಜಯನಗರದಲ್ಲಿ 1368ರಲ್ಲಿ ಬುಕ್ಕರಾಯ ಜೈನರಿಗೂ ಶ್ರೀವೈಷ್ಣವರಿಗೂ ಮಾಡಿಸಿದ ಒಡಂಬಡಿಕೆ ಪ್ರಸಿದ್ಧ. ಒಬ್ಬ ಸಣ್ಣ ಹೆಗ್ಗಡೆಯ ಊರಿನಲ್ಲೂ ಅದೇ ನೀತಿ ತಾಮ್ರಕ್ಕೆ ಇಳಿದದ್ದು ಕಾಪುವಿನ ಹೆಮ್ಮೆ. ಜೈನರು ಇಲ್ಲಿ ಅಲ್ಪಸಂಖ್ಯಾತರಾಗಿ ಬಾಳುವ ಬಗೆಯನ್ನು ಯೋಚಿಸತೊಡಗಿದ್ದರು ಎಂಬುದೂ ಇದರಿಂದ ಹೊಳೆಯುತ್ತದೆ. ಆ ಯೋಚನೆ ಬಸದಿಯನ್ನು ಕಾಯಲಿಲ್ಲ. ಹೆಗ್ಗಡೆಯ ಅಧಿಕಾರ ಹೋದ ಮೇಲೆ ಧರ್ಮನಾಥನ ಬಸದಿ ಹಾಳಾಯಿತು. ಕಾಪುವಿನ ಮಾರಿಯ ಆರಾಧನೆ ಕೆಳದಿಯ ದಂಡಿನ ಜೊತೆ ಬಂತೆಂದು ಊರ ಹೇಳಿಕೆ. ಇಂದು ಲಕ್ಷಾಂತರ ಜನ ಸೇರುವುದು ಅಲ್ಲಿಗೆ.

ಕಾಪುವಿನಿಂದ ದಕ್ಷಿಣಕ್ಕೆ, ಶಾಂಭವಿಯ ಆಚೆ ಮೂಲ್ಕಿ ಸಾವಂತರ ಸೀಮೆ. ಅವರೂ ಜೈನರು. ಅವರ ಹೆಸರಿನ ಅರಸು ಕಂಬಳ ಈಗಲೂ ನಡೆಯುತ್ತದೆ.

ಕಾರ್ಕಳ

ಕಳಸದಿಂದ ಘಟ್ಟ ಇಳಿದ ಭೈರರಸ ಒಡೆಯರಿಗೆ ಕೆರ್ವಾಶೆಯೂ ಒಂದು ನೆಲೆಯಾಗಿತ್ತು. ಕಾರ್ಕಳ ಅವರ ಪಟ್ಟಣವಾದ ಮೇಲೆ ಕರಾವಳಿಯ ಜೈನರ ಮುಖ್ಯ ಕೇಂದ್ರಗಳಲ್ಲಿ ಒಂದಾಯಿತು. ಪಟ್ಟಣಕ್ಕೆ ತಾಗಿಕೊಂಡ ಹಿರಿಯಂಗಡಿ ಹಳೆಯ ಪೇಟೆ. ಅಲ್ಲಿನ ನೇಮಿನಾಥ ಬಸದಿಯ ಮುಂದಿರುವ ಮಾನಸ್ತಂಭ 50 ಅಡಿಗೂ ಮಿಕ್ಕಿ ಎತ್ತರದ್ದು. ಒಂದೇ ಕಲ್ಲಿನ ಕಂಬ, ತುದಿಯಲ್ಲಿ ಗೂಡು. ದಕ್ಷಿಣ ಕನ್ನಡ, ಉಡುಪಿ ಎರಡೂ ಜಿಲ್ಲೆಗಳ ಮಾನಸ್ತಂಭಗಳಲ್ಲಿ ಇದಕ್ಕೆ ಸಮನಾದದ್ದು ಸಿಗುವುದು ಕಷ್ಟ. ಇದೇ ಬೀದಿಯ ಎರಡೂ ಬದಿಗೆ ಇನ್ನೂ ಹಲವು ಬಸದಿಗಳು. ಕೆಲವು ಈಗ ಬಾಗಿಲು ತೆರೆಯುವುದು ದಿನಕ್ಕೊಮ್ಮೆ, ಇಂದ್ರರು ಬಂದು ಪೂಜೆ ಮುಗಿಸುವಷ್ಟು ಹೊತ್ತು.

1432ರ ಫೆಬ್ರವರಿ 13ರಂದು ಭೈರವನ ಮಗ ವೀರಪಾಂಡ್ಯ ಬಂಡೆಗುಡ್ಡದ ಮೇಲೆ ಬಾಹುಬಲಿಯ ಮೂರ್ತಿಯನ್ನು ನಿಲ್ಲಿಸಿದ. ಪ್ರೇರಣೆ ಪನಸೋಗೆಯ ಗುರುಪರಂಪರೆಯ ಲಲಿತಕೀರ್ತಿ ಮುನಿಯದು. ಎತ್ತರ ಸುಮಾರು 42 ಅಡಿ. 981ರ ಶ್ರವಣಬೆಳಗೊಳದ ಮೂರ್ತಿ 58 ಅಡಿ. 1604ರಲ್ಲಿ ತಿಮ್ಮಣ್ಣ ಅಜಿಲ ವೇಣೂರಿನಲ್ಲಿ ನಿಲ್ಲಿಸಿದ್ದು 35 ಅಡಿ. ಬೆಳಗೊಳದ ಗೊಮ್ಮಟ ನಿಂತ ಜಾಗದಲ್ಲೇ ಬೆಟ್ಟದಿಂದ ಕಡೆದು ತೆಗೆದದ್ದು. ಕಾರ್ಕಳದ್ದನ್ನು ಬೇರೆ ಕಡೆ ಕಡೆದು, ಗಾಲಿಬಂಡಿಯ ಮೇಲೆ ಮಲಗಿಸಿ, ಬೋಳುಬಂಡೆಯ ಇಳಿಜಾರಿನಲ್ಲಿ ಮೇಲಕ್ಕೆ ಎಳೆದು ನಿಲ್ಲಿಸಿದರೆಂದು ಪರಂಪರೆ. 1646ರಲ್ಲಿ ಚಂದ್ರಮ ಕವಿ ಬರೆದ ಕಾರ್ಕಳದ ಗೊಮ್ಮಟೇಶ್ವರ ಚರಿತೆಗೆ ಇದೇ ವಸ್ತು. ನಾಲ್ಕು ವರ್ಷದ ಮೇಲೆ, 1436ರಲ್ಲಿ, ಮೂರ್ತಿಯ ಎದುರು ಬ್ರಹ್ಮದೇವರ ಕಂಬ ನಿಂತಿತು. ಇಂದಿಗೂ ಗುಡ್ಡ ಹತ್ತುವವರು ಬಂಡೆಯಲ್ಲೇ ಕೊರೆದ ಮೆಟ್ಟಿಲುಗಳನ್ನು ಹತ್ತಬೇಕು. ಮಧ್ಯಾಹ್ನದಲ್ಲಿ ಬರಿಗಾಲು ಇಡಲಾಗದಷ್ಟು ಕಾಯುವ ಆ ಕಲ್ಲಿನ ಮೇಲೆ ಅಷ್ಟು ಭಾರವನ್ನು ಏರಿಸಿದ ಜನರ ಸಂಖ್ಯೆ, ಅವರಿಗೆ ಬೇಕಾದ ಅಕ್ಕಿ, ಹಗ್ಗ, ಮರ ಇವನ್ನೆಲ್ಲ ನೆನೆದರೆ, 1432ರ ಕಾರ್ಕಳ ಎಷ್ಟು ಶ್ರೀಮಂತವಾಗಿತ್ತು ಎಂಬುದು ತಿಳಿಯುತ್ತದೆ.

ಎದುರಿನ ಸಣ್ಣ ಗುಡ್ಡದ ಮೇಲಿರುವ ಚತುರ್ಮುಖ ಬಸದಿಯನ್ನು 1586ರಲ್ಲಿ ಇಮ್ಮಡಿ ಭೈರರಸ ಕಟ್ಟಿಸಿದ. ಶಾಸನ ಅದನ್ನು ತ್ರಿಭುವನತಿಲಕ ಜಿನಚೈತ್ಯಾಲಯ ಎನ್ನುತ್ತದೆ. ನಾಲ್ಕು ದಿಕ್ಕಿಗೂ ಬಾಗಿಲು, ಯಾವ ಬಾಗಿಲಲ್ಲಿ ನಿಂತರೂ ಅರ, ಮಲ್ಲಿ, ಮುನಿಸುವ್ರತ ತೀರ್ಥಂಕರರ ದರ್ಶನ. ಚಾವಣಿಯೂ ಕಲ್ಲಿನ ಚಪ್ಪಡಿಯದೇ; ಮಳೆನಾಡಿನ ಮರದ ಮಾಡಿನ ಇಳಿಜಾರನ್ನು ಕಲ್ಲಿನಲ್ಲಿ ಮಾಡಿದ್ದಾರೆ. ಶಾಸನದಲ್ಲಿ ಪೂಜೆಯ ಏರ್ಪಾಟಿನ ವಿವರವಿದೆ. ನಾಲ್ಕೂ ಬಾಗಿಲುಗಳ ಸೇವೆಗೆ ಸ್ಥಾನಿಕರನ್ನು ನೇಮಿಸಿ, ಅವರ ಜೀವನಕ್ಕೂ ನೈವೇದ್ಯಕ್ಕೂ ತೆಳ್ಳಾರಿನ ಬತ್ತದ ಉತ್ಪತ್ತಿಯನ್ನೂ ರೆಂಜಾಳ, ನಲ್ಲೂರುಗಳ ಸಿದ್ಧಾಯವೆಂಬ ತೆರಿಗೆಯನ್ನೂ ಬಿಟ್ಟಿದ್ದಾರೆ. ಮೂರೂ ಊರುಗಳು ಇಂದಿಗೂ ಅದೇ ಹೆಸರಿನಲ್ಲಿ ಕಾರ್ಕಳದ ಸುತ್ತ ಇವೆ. ಒಂದು ಬಸದಿ ಬದುಕಿರಲು ಎಷ್ಟು ಊರುಗಳ ಬೆವರು ಬೇಕಿತ್ತು ಎಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ಲೆಕ್ಕ ಬೇರೆ ಬೇಡ.

ಇನ್ನೊಂದು ವಿವರ. 1432ರ ವೀರಪಾಂಡ್ಯ ಭೈರವನ ಮಗ. 1586ರ ಇಮ್ಮಡಿ ಭೈರರಸ ಹಿಂದಿನ ಭೈರರಸನ ತಂಗಿ ಗುಮ್ಮಟಾಂಬೆಯ ಮಗ. ಘಟ್ಟದ ಮೇಲಿಂದ ಬಂದ ಮನೆತನ ಅಳಿಯಕಟ್ಟಿನ ತುಳುನಾಡಿಗೆ ಹೊಂದಿಕೊಂಡ ಬಗೆ ಈ ಎರಡು ಶಾಸನಗಳ ನಡುವೆ ಕಾಣುತ್ತದೆ. ಕರಾವಳಿಯ ಜೈನ ಒಕ್ಕಲು ಮನೆಗಳಲ್ಲಿ ಬಂಟರ ಹಾಗೆಯೇ ಆಸ್ತಿ ಸೋದರಳಿಯನಿಗೆ ಹೋಗುತ್ತಿತ್ತು, ಇಂದ್ರರಲ್ಲಿ ಮಕ್ಕಳಕಟ್ಟು. ಮನೆಯಲ್ಲಿ ತುಳು, ಬಸದಿಯಲ್ಲಿ ಕನ್ನಡ ಮತ್ತು ಸಂಸ್ಕೃತ. ಬೀಡಿನ ಜೈನ ಬಲ್ಲಾಳ ಊರ ದೈವದ ನೇಮಕ್ಕೆ ಮುಂದೆ ನಿಲ್ಲುವುದು, ಬಸದಿಯ ಅಂಗಳದಲ್ಲೇ ನಾಗನ ಕಲ್ಲು, ಕ್ಷೇತ್ರಪಾಲ ಇರುವುದು ಇಲ್ಲಿನ ಜೈನರ ರೂಢಿ. ಇದನ್ನು ಧರ್ಮದ ಕಲಬೆರಕೆ ಎಂದು ಹೊರಗಿನವರು ಬರೆದದ್ದುಂಟು. ನೆಲದೊಂದಿಗೆ ಬೆಸೆದುಕೊಂಡದ್ದರಿಂದಲೇ ಈ ಮನೆಗಳು ಅರಸೊತ್ತಿಗೆ ಹೋದ ಮೇಲೂ ಉಳಿದವು ಎಂಬುದು ಹೆಚ್ಚು ಸರಿಯಾದ ಮಾತು.

ಭೈರರಸರ ಆಸ್ಥಾನ ಕನ್ನಡ ಸಾಹಿತ್ಯಕ್ಕೂ ಆಸರೆಯಾಗಿತ್ತು. 1439ರಲ್ಲಿ ಜ್ಞಾನಚಂದ್ರಾಭ್ಯುದಯ ಬರೆದ ಕಲ್ಯಾಣಕೀರ್ತಿ ಈ ಅರಸರ ಆಶ್ರಯದವನು. ಭರತೇಶವೈಭವದ ರತ್ನಾಕರವರ್ಣಿ ಮೂಡುಬಿದಿರೆಯವನಾದರೂ ಕಾರ್ಕಳದ ಅರಮನೆಯೊಡನೆ ಅವನ ಹೆಸರನ್ನು ಬೆಸೆಯುವ ಕಥೆಗಳು ಜೈನ ಮನೆಗಳಲ್ಲಿ ಇಂದಿಗೂ ಇವೆ. ಅದೇ ಅರಸರ ಕಾಲದಲ್ಲಿ ಗೋವೆ ಕಡೆಯಿಂದ ಬಂದ ಗೌಡ ಸಾರಸ್ವತರು ಕಾರ್ಕಳದಲ್ಲಿ ನೆಲೆ ನಿಂತರು. ಪಡುತಿರುಪತಿ ಎಂದು ಹೆಸರಾದ ವೆಂಕಟರಮಣ ದೇವಾಲಯ ಅವರದು. ಅನಂತಶಯನ ದೇವಾಲಯದ ಕಥೆಯಲ್ಲಿ ಶೃಂಗೇರಿಯ ಯತಿ ಬರುತ್ತಾರೆ. ಜೈನ ಅರಸನ ಪಟ್ಟಣ ಜೈನರದು ಮಾತ್ರ ಆಗಿರಲಿಲ್ಲ.

ವರಂಗ

ಕಾರ್ಕಳದಿಂದ ಹೆಬ್ರಿಯ ಕಡೆಗೆ ಹೋಗುವ ದಾರಿಯಲ್ಲಿ ವರಂಗ. 1424ರಲ್ಲಿ ವಿಜಯನಗರದ ದೇವರಾಯ ಈ ಊರನ್ನೇ ವರಂಗದ ನೇಮಿನಾಥನಿಗೆ ಬಿಟ್ಟುಕೊಟ್ಟ. ಊರಿನ ಹಿರೇ ಬಸದಿ ಅದೇ ನೇಮಿನಾಥನದು. ಹೆಚ್ಚು ಜನ ಬರುವುದು ಕೆರೆ ಬಸದಿಗೆ: ಬಯಲಿನ ನಡುವಿನ ಕೆರೆ, ಕೆರೆಯ ನಡುವೆ ನಾಲ್ಕು ಮುಖದ ಪುಟ್ಟ ಬಸದಿ. ದೋಣಿಯಲ್ಲೇ ಹೋಗಬೇಕು. ಪದ್ಮಾವತಿ ಅಮ್ಮನವರಿಗೆ ಹರಕೆ ಹೊತ್ತು ಜೈನರಲ್ಲದವರೂ ಬರುತ್ತಾರೆ, ದೋಣಿಯವನು ಒಂದು ಸಲಕ್ಕೆ ಕೆಲವರನ್ನಷ್ಟೇ ಕೂರಿಸಿಕೊಂಡು ಬಿದಿರ ಕೋಲಿನಲ್ಲಿ ತಳ್ಳುತ್ತಾನೆ. ಆಡಳಿತ ಹೊಂಬುಜ ಮಠದ್ದು. ಘಟ್ಟದ ಮೇಲಿನ ಮಠಕ್ಕೂ ಕೆಳಗಿನ ಊರಿಗೂ ಇರುವ ಹಳೆಯ ಸಂಬಂಧ ಇಲ್ಲಿ ಕಡಿದಿಲ್ಲ. ವರಂಗ ಉಳಿದದ್ದು ಇದರಿಂದಲೇ: ಕಾಪುವಿನ ಬಸದಿಗೆ ಒಬ್ಬ ಹೆಗ್ಗಡೆಯ ಮನೆ ಮಾತ್ರ ಆಧಾರವಾಗಿತ್ತು, ವರಂಗಕ್ಕೆ ಮಠ ಇತ್ತು.

ಸೂರಾಲು ಇದಕ್ಕಿಂತ ಬೇರೆ. ಬಾರಕೂರಿನ ಪೂರ್ವಕ್ಕಿರುವ ಈ ಊರು ತೋಳಹ ಅರಸರ ನೆಲೆ. ಅವರ ಮಣ್ಣಿನ ಅರಮನೆ, ಅಂಗಳ, ಚಾವಡಿ, ಮರದ ಕಂಬಗಳೊಂದಿಗೆ, ಕರಾವಳಿಯ ಜೈನ ಪಾಳೆಯಗಾರರ ಬದುಕನ್ನು ಕಲ್ಲಿನ ಬಸದಿಗಳಿಗಿಂತ ಹತ್ತಿರದಿಂದ ತೋರಿಸುತ್ತದೆ. ಮಣ್ಣಿನ ಗೋಡೆಗೆ ಪ್ರತಿ ಮಳೆಗಾಲವೂ ಪರೀಕ್ಷೆ.

ಈ ನೆಲೆಗಳ ಪಟ್ಟಿಯಲ್ಲಿ ಉಡುಪಿ ಪಟ್ಟಣವೂ ಮಣಿಪಾಲವೂ ಇಲ್ಲ. ಉಡುಪಿ ಪಟ್ಟಣ ಹದಿಮೂರನೆಯ ಶತಮಾನದಿಂದ ಮಧ್ವಾಚಾರ್ಯರ ಮತ್ತು ಅಷ್ಟಮಠಗಳ ಊರಾಗಿ ಬೆಳೆಯಿತು. ಮಣಿಪಾಲ ಇಪ್ಪತ್ತನೆಯ ಶತಮಾನದ ಊರು, 1953ರಲ್ಲಿ ಟಿ.ಎಂ.ಎ. ಪೈಯವರು ವೈದ್ಯಕೀಯ ಕಾಲೇಜು ಆರಂಭಿಸಿದ ಮೇಲೆ ಬೋಳು ಪದವು ಪೇಟೆಯಾಯಿತು. ಜೈನ ನೆಲೆಗಳ ಶೋಧನೆಗೆ ಮಾತ್ರ ಈ ಎರಡು ಊರುಗಳ ಸುತ್ತಮುತ್ತಲಿನ ವಿದ್ವಾಂಸರು ಮಾಡಿದ ಕೆಲಸ ದೊಡ್ಡದು.

ಕ್ಷಯದ ದಾರಿ

ಒಂದು ಸಮುದಾಯ ಒಂದು ಸೀಮೆಯಿಂದ ಮರೆಯಾಗುವುದು ಹಲವು ಬಗೆ. ಒಟ್ಟೋಮನ್ ಸಾಮ್ರಾಜ್ಯದ ವಾನ್, ಬಿಟ್ಲಿಸ್, ಖಾರ್ಪೂತ್ ಸೀಮೆಗಳ ಆರ್ಮೇನಿಯನ್ನರು 1915ರಿಂದ ಕೆಲವೇ ವರ್ಷಗಳಲ್ಲಿ ಗಡೀಪಾರು, ಕೊಲೆಗಳಿಗೆ ಸಿಕ್ಕಿ ಇಲ್ಲವಾದರು. ಹಳ್ಳಿಯ ಇಗರ್ಜಿಗಳು ಜನರಿಲ್ಲದೆ ನಿಂತವು. ಉಡುಪಿ ಸೀಮೆಯಲ್ಲೂ ಹಠಾತ್ತನೆ ಊರು ಬರಿದಾದ ಪ್ರಸಂಗವಿದೆ, ಅದು ಕ್ರೈಸ್ತರದು. ಎರಡನೆಯ ಮೈಸೂರು ಯುದ್ಧದಲ್ಲಿ ಬ್ರಿಟಿಷರಿಗೆ ನೆರವಾದರೆಂಬ ಆರೋಪದ ಮೇಲೆ 1784ರ ಫೆಬ್ರವರಿಯಲ್ಲಿ, ವಿಭೂತಿ ಬುಧವಾರದ ಹೊತ್ತಿಗೆ, ಟಿಪ್ಪು ಸುಲ್ತಾನ ಕೆನರಾದ ಕೊಂಕಣಿ ಕ್ರೈಸ್ತರನ್ನು ಹಿಡಿಸಿ ಶ್ರೀರಂಗಪಟ್ಟಣಕ್ಕೆ ಕಳಿಸಿದ. ಕಲ್ಯಾಣಪುರ, ಕಾರ್ಕಳದ ಅತ್ತೂರು ಮೊದಲಾದ ಕಡೆಯ ಇಗರ್ಜಿಗಳು ಕೆಡವಲ್ಪಟ್ಟವು. ದಾರಿಯಲ್ಲೂ ಸೆರೆಯಲ್ಲೂ ಸತ್ತವರು ಅಸಂಖ್ಯ. 1799ರಲ್ಲಿ ಬಿಡುಗಡೆಯಾಗಿ ಬದುಕುಳಿದವರು ಹಿಂದಿರುಗಿದರು, ಇಗರ್ಜಿಗಳನ್ನು ಮತ್ತೆ ಕಟ್ಟಿದರು.

ಜೈನರದು ಈ ಬಗೆಯ ಕಥೆಯಲ್ಲ. ಬಾರಕೂರಿನಂಥ ಒಂದೆರಡು ಕಡೆ ಯುದ್ಧದ ಪೆಟ್ಟು ಬಿದ್ದರೂ, ಒಟ್ಟಾರೆ ಇದು ಇನ್ನೂರು ಮುನ್ನೂರು ವರ್ಷಗಳ ಸವೆತ. ಹೊರಟುಹೋದ ದಿನವೆಂಬುದು ಇಲ್ಲ, ಆದ್ದರಿಂದ ಮರಳಿ ಬಂದ ದಿನವೂ ಇಲ್ಲ. ಮೊದಲು ಹೋದದ್ದು ಕಡಲ ವ್ಯಾಪಾರ. ಆಮೇಲೆ ಅರಸ. 1565ರ ನಂತರ ವಿಜಯನಗರದ ಹಿಡಿತ ಸಡಿಲವಾಗಿ ಕೆಳದಿಯ ನಾಯಕರು ಕರಾವಳಿಯಲ್ಲಿ ಬಲವಾದರು. ಕಾರ್ಕಳದ ಒಡೆಯರು, ಬಂಗರು, ಚೌಟರು, ಅಜಿಲರು ಅವರಿಗೆ ಕಪ್ಪ ಕೊಡುವವರಾದರು. 1763ರಲ್ಲಿ ಹೈದರಾಲಿ ಕೆಳದಿಯವರ ರಾಜಧಾನಿ ಬಿದನೂರನ್ನು ಹಿಡಿದ ಮೇಲೆ ಸಣ್ಣ ಅರಸುಮನೆಗಳಿಗೆ ಹೆಸರಷ್ಟೇ ಉಳಿಯಿತು. 1799ರಲ್ಲಿ ಕಂಪನಿ ಸರ್ಕಾರ ಬಂದು ಕಂದಾಯದ ವ್ಯವಸ್ಥೆ ಹೊಸದಾಯಿತು. ಈ ಅವಧಿಯಲ್ಲಿ ಜೈನ ಮನೆಗಳು ಎಷ್ಟೋ ಕಡೆ ಬಂಟರಲ್ಲಿ ಬೆರೆತುಹೋದವು ಎಂಬ ನಂಬಿಕೆ ಎರಡೂ ಸಮುದಾಯದಲ್ಲಿದೆ. ಬಳಿಗಳ ಹೆಸರು, ಅಳಿಯಕಟ್ಟು, ಬೀಡು ಗುತ್ತುಗಳ ರೀತಿನೀತಿಯಲ್ಲಿ ಕಾಣುವ ಹೋಲಿಕೆ ಅದಕ್ಕೆ ಬಲ ಕೊಡುತ್ತದೆ.

ಕೊನೆಗೆ ಭೂಮಿ. ಬಸದಿಯೂ ಬೀಡೂ ನಡೆಯುತ್ತಿದ್ದದ್ದು ಗೇಣಿ ಅಕ್ಕಿಯ ಮೇಲೆ. ಮೂಲಗೇಣಿ, ಚಾಲಗೇಣಿಯ ಒಕ್ಕಲುಗಳು ಮುಡಿ ಕಟ್ಟಿ ತಂದುಕೊಟ್ಟರೆ ದೀಪ ಉರಿಯುತ್ತಿತ್ತು. ದೇವರಾಜ ಅರಸು ಸರ್ಕಾರದ ಭೂಸುಧಾರಣೆ 1974ರ ಮಾರ್ಚ್ 1ರಿಂದ ಜಾರಿಗೆ ಬಂದಾಗ ಉಳುವವನು ಒಡೆಯನಾದ. ತಲೆಮಾರುಗಳಿಂದ ಬೇರೆಯವರ ಗದ್ದೆಯಲ್ಲಿ ಬೆನ್ನು ಬಗ್ಗಿಸಿದವರಿಗೆ ಅದು ನ್ಯಾಯ; ಕರಾವಳಿಯಲ್ಲಿ ಸಾವಿರಾರು ಒಕ್ಕಲು ಮನೆಗಳು ತಲೆಯೆತ್ತಿದ್ದು ಅದರಿಂದ. ಆ ನ್ಯಾಯವನ್ನು ಒಪ್ಪಿಕೊಂಡೇ ಹೇಳಬೇಕಾದ ಮಾತು: ಗೇಣಿಯನ್ನು ನಂಬಿದ್ದ ಸಣ್ಣ ಬಸದಿಗಳಿಗೆ ಬೇರೆ ಆದಾಯದ ದಾರಿಯನ್ನು ಯಾರೂ ಹೊತ್ತಿಗೆ ಸರಿಯಾಗಿ ಕಟ್ಟಿಕೊಡಲಿಲ್ಲ. ಅಳಿಯಸಂತಾನ ಕಟ್ಟು ಕಾನೂನಿನಿಂದ ಬದಲಾಗಿ ಕೂಡುಮನೆಗಳು ಪಾಲಾದವು, ಮಕ್ಕಳು ಓದಿ ಮಂಗಳೂರು, ಬೆಂಗಳೂರು, ಮುಂಬಯಿಗೆ ಹೋದರು. ಅಡಿಕೆ ತೋಟ ಇದ್ದ ಮನೆಗಳು ನಿಂತವು. ಬತ್ತದ ಗದ್ದೆ ಮಾತ್ರ ಇದ್ದ ಮನೆಗಳು ಹೋದವು.

ಶೋಧನೆ ಮತ್ತು ಇಂದಿನ ಸ್ಥಿತಿ

ಈ ನೆಲೆಗಳನ್ನು ನಕ್ಷೆಯ ಮೇಲೆ ಗುರುತಿಸಿಕೊಟ್ಟವರಲ್ಲಿ ಪಾದೂರು ಗುರುರಾಜ ಭಟ್ಟರದು ಮೊದಲ ಹೆಸರು. ಕಾಪು ಸಮೀಪದ ಪಾದೂರಿನವರು, ಕಲ್ಯಾಣಪುರದ ಮಿಲಾಗ್ರಿಸ್ ಕಾಲೇಜಿನ ಪ್ರಾಂಶುಪಾಲರು. ಊರೂರು ಅಲೆದು ದೇವಾಲಯ, ಬಸದಿ, ಮೂರ್ತಿ, ಶಾಸನಗಳನ್ನು ಕಣ್ಣಾರೆ ಕಂಡು ಬರೆದ ಅವರ ತುಳುವ ಚರಿತ್ರೆಯ ಬೃಹತ್ ಇಂಗ್ಲಿಷ್ ಗ್ರಂಥ 1975ರಲ್ಲಿ ಬಂತು. ಅದಕ್ಕೂ ಮೊದಲು 1936ರಲ್ಲಿ ಬಿ.ಎ. ಸಾಲೆತ್ತೂರು ತುಳುವ ಇತಿಹಾಸವನ್ನೂ 1938ರಲ್ಲಿ ಮಧ್ಯಯುಗದ ಜೈನಧರ್ಮದ ಚರಿತ್ರೆಯನ್ನೂ ಬರೆದಿದ್ದರು, 1970ರಲ್ಲಿ ಕೆ.ವಿ. ರಮೇಶ್ ಶಾಸನಗಳ ಆಧಾರದಿಂದ ದಕ್ಷಿಣ ಕನ್ನಡದ ಚರಿತ್ರೆ ಕಟ್ಟಿಕೊಟ್ಟರು. ಕೆ. ಭುಜಬಲಿ ಶಾಸ್ತ್ರಿಗಳು ಮೂಡುಬಿದಿರೆ, ಕಾರ್ಕಳದ ಭಂಡಾರಗಳ ತಾಡವೋಲೆಗಳನ್ನು ಪಟ್ಟಿಮಾಡಿ 1948ರಲ್ಲಿ ಸೂಚಿ ಪ್ರಕಟಿಸಿದರು. ಉಡುಪಿಯ ಎಂಜಿಎಂ ಕಾಲೇಜಿನ ಗೋವಿಂದ ಪೈ ಸಂಶೋಧನ ಕೇಂದ್ರ ತುಳುವ ಅಧ್ಯಯನವನ್ನು ಮುಂದುವರಿಸಿದೆ.

ಕಾರ್ಕಳದ ದಾನಶಾಲೆಯ ಜೈನ ಮಠದ ಪೀಠಾಧಿಪತಿಗಳಿಗೆ ಇಂದಿಗೂ ಲಲಿತಕೀರ್ತಿ ಎಂಬ ಹೆಸರೇ. ಗೊಮ್ಮಟನಿಗೆ ಹನ್ನೆರಡು ವರ್ಷಕ್ಕೊಮ್ಮೆ ಮಹಾಮಸ್ತಕಾಭಿಷೇಕ. 2002ರಲ್ಲೂ 2015ರ ಜನವರಿಯಲ್ಲೂ ನಡೆಯಿತು. ಕಲ್ಲುಕೆಲಸದ ಕೈಯೂ ಊರಲ್ಲಿ ಉಳಿದಿದೆ: ಧರ್ಮಸ್ಥಳದ 39 ಅಡಿಯ ಬಾಹುಬಲಿಯನ್ನು ಕಡೆದವರು ರೆಂಜಾಳ ಗೋಪಾಲಕೃಷ್ಣ ಶೆಣೈ. ಕಾರ್ಕಳದಲ್ಲೇ ಕಡೆದ ಆ ಮೂರ್ತಿ ಘಟ್ಟದ ಬುಡದ ದಾರಿಯಲ್ಲಿ ಧರ್ಮಸ್ಥಳಕ್ಕೆ ಸಾಗಿ, 1982ರಲ್ಲಿ ಪ್ರತಿಷ್ಠೆಯಾಯಿತು. 1586ರಲ್ಲಿ ಚತುರ್ಮುಖ ಬಸದಿಗೆ ತೆರಿಗೆ ಕೊಟ್ಟ ರೆಂಜಾಳದ ಹೆಸರು ಹೊತ್ತ ಶಿಲ್ಪಿ ಅವರು.

ಸಣ್ಣ ಬಸದಿಗಳ ಪಾಡು ಇಷ್ಟು ಸಲೀಸಲ್ಲ. ಧರ್ಮಸ್ಥಳದ ಧರ್ಮೋತ್ಥಾನ ಟ್ರಸ್ಟ್ ಸರ್ಕಾರದ ಜೊತೆಗೂಡಿ ಹಳೆಯ ದೇವಾಲಯ, ಬಸದಿಗಳನ್ನು ದುರಸ್ತಿ ಮಾಡುತ್ತ ಬಂದಿದೆ. ಕಟ್ಟಡ ನಿಲ್ಲುತ್ತದೆ, ಪೂಜೆಗೆ ಇಂದ್ರರು ಸಿಗುವುದಿಲ್ಲ. ಒಬ್ಬರೇ ಹಲವು ಬಸದಿಗಳಿಗೆ ಓಡಾಡಬೇಕಾಗಿದೆ. ಪಂಚಲೋಹದ ಮೂರ್ತಿಗಳಿಗೆ ಕಳ್ಳರ ಭಯವಿದ್ದು, ಎಷ್ಟೋ ಕಡೆ ಅವನ್ನು ಮಠಕ್ಕೋ ಆಡಳಿತದಾರರ ಮನೆಗೋ ಸಾಗಿಸಿ ಬಸದಿಯಲ್ಲಿ ಕಲ್ಲಿನ ಬಿಂಬವನ್ನು ಮಾತ್ರ ಬಿಟ್ಟಿದ್ದಾರೆ. ಮುರಕಲ್ಲಿನ ಪ್ರಾಕಾರಗಳ ಮೇಲೆ ಮರ ಬೇರು ಬಿಟ್ಟ ಕಡೆ ಎರಡು ಮಳೆಗಾಲ ಕಳೆಯುವಷ್ಟರಲ್ಲಿ ಗೋಡೆ ಬಾಯಿ ಬಿಡುತ್ತದೆ. ಜಮೀನು ಅಗೆಯುವಾಗ ಸಿಗುವ ನಿಷಿಧಿಯೆಂಬ ಸ್ಮಾರಕ ಕಲ್ಲು, ಬಿಡಿ ಶಾಸನಗಳನ್ನು ತುರ್ತಾಗಿ ಓದಿ, ಅಚ್ಚು ತೆಗೆದು, ಸಿಕ್ಕ ಜಾಗದ ಸರ್ವೆ ನಂಬರಿನೊಂದಿಗೆ ದಾಖಲಿಸಬೇಕು. ಕಾಪುವಿನ ತಾಮ್ರಪಟ ಯಾರದೋ ಮನೆಯ ಪೆಟ್ಟಿಗೆಯಲ್ಲೇ ಉಳಿದು ಕರಗಿಹೋಗಿದ್ದರೆ, ಧರ್ಮನಾಥನ ಬಸದಿಯೊಂದು ಆ ಊರಿನಲ್ಲಿತ್ತೆಂಬುದಕ್ಕೂ ಮದ್ದ ಹೆಗ್ಗಡೆ ಮೂರು ಮತದವರ ಮೇಲೆ ನಂಬಿಕೆ ಇಟ್ಟಿದ್ದನೆಂಬುದಕ್ಕೂ ಆಧಾರ ಇರುತ್ತಿರಲಿಲ್ಲ.